74 ಮೀಟರ್ 774 ಆದ ಬಗೆ: ಹಳೆಯ ಟೇಪ್ ಡ್ರೈವಿನ ಇಂಟರ್‌ಫೇಸಿನಲ್ಲಿ ಹೆಚ್ಚುವರಿ ಬೈಟುಗಳ ದೋಷ ಹುಡುಕುವ ಕ್ರಮ

ದೋಷದ ಲಕ್ಷಣ ಹೀಗಿದೆ. ಅರ್ಧ ಇಂಚು ಅಗಲದ, ಒಂಬತ್ತು ಟ್ರ್ಯಾಕಿನ ಟೇಪ್ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸಲು ಮನೆಯಲ್ಲೇ ಕಟ್ಟಿದ ಇಂಟರ್‌ಫೇಸ್ ಬೋರ್ಡು ರೀಲಿನ ಆರಂಭದಲ್ಲಿ ಗುರುತಿಗಾಗಿ ದಾಖಲಾಗಿರುವ ಲೇಬಲ್ಲುಗಳನ್ನು ತಪ್ಪಿಲ್ಲದೆ ಓದುತ್ತದೆ. ಆದರೆ ಮುಂದಿನ ದತ್ತಾಂಶದ ಬ್ಲಾಕುಗಳಲ್ಲಿ 800 ಬೈಟು ಬರಬೇಕಾದ ಕಡೆ ಒಮ್ಮೆ 806, ಇನ್ನೊಮ್ಮೆ 811 ಬರುತ್ತವೆ. ಪ್ಯಾರಿಟಿ (ಪ್ರತಿ ಬೈಟಿನ ಜೊತೆ ತಪ್ಪು ಪತ್ತೆಗೆಂದು ಬರೆದ ಒಂಬತ್ತನೆಯ ಬಿಟ್ಟು) ತಪ್ಪು ಒಂದೂ ಕಾಣುವುದಿಲ್ಲ, ಡ್ರೈವು ಕೂಡ ತಾನು ಓದಿದ್ದರಲ್ಲಿ ದೋಷವಿದೆಯೆಂದು ಹೇಳುವುದಿಲ್ಲ. ಬಳ್ಳಾರಿಯ ನನ್ನ ಕೋಣೆಯಲ್ಲಿ ಈ ದೋಷ ಎರಡು ವಾರ ಆಟವಾಡಿಸಿತು. ಅದಕ್ಕೆ ಕಾರಣವಾದ ತಪ್ಪು ನನ್ನದೇ ಆಗಿದ್ದುದರಿಂದ, ಇಂಥದ್ದೇ ಬೋರ್ಡು ಕಟ್ಟುವವರಿಗೆ ಉಪಯೋಗವಾಗಲೆಂದು ಹುಡುಕಿದ ಕ್ರಮವನ್ನು ಇದ್ದಂತೆಯೇ ಬರೆಯುತ್ತಿದ್ದೇನೆ.

ಡ್ರೈವು ಗುಜರಿ ಅಂಗಡಿಯಿಂದ ತೂಕದ ಲೆಕ್ಕದಲ್ಲಿ ಬಂದದ್ದು. ರೀಲುಗಳನ್ನು ಕೊಟ್ಟವರು ಪರಿಚಯದ ನಿವೃತ್ತ ಭೂವಿಜ್ಞಾನಿಯೊಬ್ಬರು. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿಗಾಗಿ ಕೊರೆದ ಬೋರ್‌ಹೋಲುಗಳ ಆಳ, ಪದರ ಮತ್ತು ಅದಿರಿನ ಗುಣಮಟ್ಟದ ಅಂಕಿಗಳು ಅವುಗಳಲ್ಲಿವೆ. ಸಾಂದ್ರತೆ ಇಂಚಿಗೆ 1600 ಬೈಟು, ನನ್ನ ಡ್ರೈವಿನ ವೇಗ ಸೆಕೆಂಡಿಗೆ 25 ಇಂಚು. ಅಂದರೆ ಸೆಕೆಂಡಿಗೆ 40,000 ಬೈಟು, ಪ್ರತಿ 25 ಮೈಕ್ರೋಸೆಕೆಂಡಿಗೆ ಒಂದು ಬೈಟು. ಇಂದಿನ ಯಾವ ಮೈಕ್ರೋಕಂಟ್ರೋಲರಿಗೂ ಇದು ಭಾರವಲ್ಲ. ಕಷ್ಟ ವೇಗದಲ್ಲಿಲ್ಲ, ತಂತಿಗಳಲ್ಲಿದೆ.

ತಂತಿಗಳ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಡ್ರೈವಿನಲ್ಲಿರುವುದು ಪರ್ಟೆಕ್ ಇಂಟರ್‌ಫೇಸ್ ಎಂಬ, ಹಳೆಯ ಟೇಪ್ ಡ್ರೈವುಗಳ ಜೋಡಣೆಯ ಕ್ರಮ. ಹಿಂಬದಿಯಲ್ಲಿ 50 ಪಿನ್ನುಗಳ ಎರಡು ಕನೆಕ್ಟರುಗಳಿದ್ದು, ಅವುಗಳನ್ನು ಪಿ1, ಪಿ2 ಎನ್ನುತ್ತಾರೆ. ಎರಡಕ್ಕೂ 50 ಎಳೆಯ ರಿಬ್ಬನ್ ಕೇಬಲ್ ಬೇಕು. ಸಂಕೇತಗಳೆಲ್ಲ ತಲೆಕೆಳಗು, ರೇಖೆ ಸೊನ್ನೆ ವೋಲ್ಟಿನ ಹತ್ತಿರ ಇಳಿದಾಗ ಅದರ ಅರ್ಥ 1. ರೇಖೆಯನ್ನು ಕೆಳಗೆಳೆಯುವುದು ಓಪನ್ ಕಲೆಕ್ಟರ್ ಗೇಟು (ಕೆಳಗೆಳೆಯಬಲ್ಲದೇ ಹೊರತು ಮೇಲೆತ್ತಲಾರದು), ಮೇಲೆತ್ತುವುದು ತುದಿಯಲ್ಲಿರುವ ಟರ್ಮಿನೇಟರ್. ಆ ಟರ್ಮಿನೇಟರಿನಲ್ಲಿ ಪ್ರತಿ ರೇಖೆಗೆ 5 ವೋಲ್ಟಿನ ಕಡೆಗೆ 220 ಓಮ್, ಗ್ರೌಂಡಿನ ಕಡೆಗೆ 330 ಓಮ್ ಇರುತ್ತದೆ. ಲೆಕ್ಕ ಹಾಕಿದರೆ ಸುಮ್ಮನಿರುವ ರೇಖೆಯ ಮೇಲೆ ಸರಿಯಾಗಿ 3.0 ವೋಲ್ಟ್ ಇರಬೇಕು, ಕೆಳಗೆಳೆದಾಗ ಸುಮಾರು 23 ಮಿಲಿಆಂಪಿಯರ್ ಹರಿಯಬೇಕು. ಮೈಕ್ರೋಕಂಟ್ರೋಲರಿನ ಪಿನ್ನನ್ನು ನೇರವಾಗಿ ಈ ರೇಖೆಗೆ ಜೋಡಿಸಬಾರದು ಎನ್ನುವುದಕ್ಕೆ ಈ 23 ಮಿಲಿಆಂಪಿಯರೇ ಕಾರಣ. ನಾನು ಹೊರಹೋಗುವ ರೇಖೆಗಳಿಗೆ 7438, ಒಳಬರುವ ರೇಖೆಗಳಿಗೆ 74ಎಲ್‌ಎಸ್14 ಎಂಬ ಗೇಟ್ ಚಿಪ್ಪುಗಳನ್ನು, ಇವೆರಡರ ಹಿಂದೆ ಎಸ್‌ಟಿಎಂ32ಎಫ್407 ಮೈಕ್ರೋಕಂಟ್ರೋಲರಿನ ಬೋರ್ಡನ್ನು ಹಾಕಿದ್ದೇನೆ. ಆ ಮೈಕ್ರೋಕಂಟ್ರೋಲರಿನ ಹೆಚ್ಚಿನ ಪಿನ್ನುಗಳು 5 ವೋಲ್ಟನ್ನು ತಾಳಿಕೊಳ್ಳುತ್ತವೆ, ಪಿಎ4 ಮತ್ತು ಪಿಎ5 ತಾಳುವುದಿಲ್ಲ.

ಯಾವ ಪರೀಕ್ಷೆಗೂ ಮೊದಲು ರೀಲಿನ ಹಿಂಬದಿಯ ಪ್ಲಾಸ್ಟಿಕ್ ಉಂಗುರವನ್ನು ತೆಗೆದಿಡಿ. ಉಂಗುರವಿಲ್ಲದ ರೀಲಿನ ಮೇಲೆ ಡ್ರೈವು ಬರೆಯುವುದಿಲ್ಲ. ನಾನು ಅಷ್ಟಕ್ಕೇ ತೃಪ್ತನಾಗದೆ ಬೋರ್ಡಿನಲ್ಲಿ ಬರೆಯುವ ಆಜ್ಞೆಯ ರೇಖೆಯನ್ನೂ ಜೋಡಿಸದೆ ಬಿಟ್ಟೆ.

ತಪ್ಪಿನ ಆಕಾರವನ್ನು ಓದುವುದು

ಟೇಪು ಹಳೆಯದಾಗಿದ್ದರೆ ಎಲ್ಲ ತಪ್ಪನ್ನೂ ಟೇಪಿನ ತಲೆಗೆ ಕಟ್ಟುವುದು ಸುಲಭ. ಹಾಗೆ ಮಾಡುವ ಮೊದಲು, ಬಂದ ಬೈಟುಗಳು ಯಾವ ರೀತಿಯಲ್ಲಿ ಕೆಟ್ಟಿವೆ ಎಂಬುದನ್ನು ನೋಡಬೇಕು. ಕೆಟ್ಟಿರುವ ರೀತಿಯೇ ದೋಷ ಎಲ್ಲಿದೆಯೆಂದು ಹೇಳುತ್ತದೆ. ಇದಕ್ಕೆ ರೀಲಿನ ಮೊದಲ ಲೇಬಲ್ಲಿಗಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಐಬಿಎಂ ಮಾದರಿಯ ಲೇಬಲ್ ಇರುವ ರೀಲಿನಲ್ಲಿ ಮೊದಲ ಬ್ಲಾಕು 80 ಬೈಟಿನದು, ಅದರ ಮೊದಲ ನಾಲ್ಕು ಅಕ್ಷರಗಳು ಯಾವಾಗಲೂ ‘ವಿಓಎಲ್1’. ಐಬಿಎಂ ಯಂತ್ರಗಳು ಅಕ್ಷರಗಳಿಗೆ ಬಳಸುವ ಎಬ್ಸಿಡಿಕ್ ಸಂಕೇತದಲ್ಲಿ ಹೆಕ್ಸ್ (ಹದಿನಾರರ) ಲೆಕ್ಕದಂತೆ ಅವು ಇ5 ಡಿ6 ಡಿ3 ಎಫ್1.

ಅವುಗಳ ಬದಲು 1ಎ 29 2ಸಿ 0ಇ ಬಂದರೆ ರೇಖೆಗಳು ತಲೆಕೆಳಗಾಗಿಯೇ ಉಳಿದಿವೆ ಎಂದು ತಿಳಿಯಿರಿ. ಆಗ ಪ್ರತಿಯೊಂದು ಬೈಟಿನಲ್ಲೂ ಪ್ಯಾರಿಟಿ ತಪ್ಪು ಕಾಣುತ್ತದೆ. ಒಂಬತ್ತು ಬಿಟ್ಟುಗಳಲ್ಲಿ 1ರ ಸಂಖ್ಯೆ ಬೆಸ ಇರಬೇಕೆಂಬುದು ನಿಯಮ, ಒಂಬತ್ತನ್ನೂ ತಿರುವಿದರೆ ಅದು ಸಮವಾಗುತ್ತದೆ. ಬದಲಿಗೆ ಎ7 6ಬಿ ಸಿಬಿ 8ಎಫ್ ಬಂದು ಪ್ಯಾರಿಟಿ ಎಲ್ಲವೂ ಸರಿಯಿದ್ದರೆ, ಬಿಟ್ಟುಗಳ ಕ್ರಮ ಹಿಂದುಮುಂದಾಗಿದೆ. ಪರ್ಟೆಕ್ ಲೆಕ್ಕದಲ್ಲಿ ಓದಿದ ಬಿಟ್ಟುಗಳ ರೇಖೆಗಳ ಹೆಸರು ಐಆರ್0ಯಿಂದ ಐಆರ್7, ಅವುಗಳಲ್ಲಿ ಐಆರ್0 ಎನ್ನುವುದು ಅತಿ ಹೆಚ್ಚು ಬೆಲೆಯ ಬಿಟ್ಟು, ನಾವು ರೂಢಿಯಂತೆ ಅದನ್ನು ಕಡಿಮೆ ಬೆಲೆಯದೆಂದು ಜೋಡಿಸಿರುತ್ತೇವೆ. ಈ ಎರಡು ತಪ್ಪುಗಳನ್ನೂ ಸಾಫ್ಟ್‌ವೇರಿನಲ್ಲೇ ತಿದ್ದಬಹುದು, ಬೆಸುಗೆ ಕಡ್ಡಿ ಮುಟ್ಟಬೇಕಿಲ್ಲ.

ಬೈಟುಗಳ ಸಂಖ್ಯೆ ಸರಿಯಿದ್ದು ಕೆಲವು ಬೈಟುಗಳಲ್ಲಿ ಮಾತ್ರ ಪ್ಯಾರಿಟಿ ತಪ್ಪಿದ್ದರೆ, ಒಂದು ದತ್ತಾಂಶ ರೇಖೆ ಕಡಿದಿದೆ ಅಥವಾ ಎಲ್ಲಿಗೋ ತಾಗಿಕೊಂಡಿದೆ. ಬೈಟುಗಳು ಕಡಿಮೆ ಬಂದರೆ ಬೋರ್ಡಿನ ಪ್ರೋಗ್ರಾಂ ಕೆಲವು ಸ್ಟ್ರೋಬುಗಳನ್ನು (ಪ್ರತಿ ಬೈಟು ಸಿದ್ಧವಾದಾಗ ಡ್ರೈವು ಕೊಡುವ ಸೂಚನೆಗಳನ್ನು) ತಪ್ಪಿಸಿಕೊಂಡಿದೆ. ಯುಎಸ್‌ಬಿ ಕಡೆಗೆ ಕಳುಹಿಸುತ್ತಾ ಓದಲು ಹೋದರೆ ಹೀಗಾಗುತ್ತದೆ. ಇಡೀ ಬ್ಲಾಕನ್ನು ಮೊದಲು ಮೆಮೊರಿಗೆ ತುಂಬಿಕೊಂಡು, ಬ್ಲಾಕು ಮುಗಿದ ಮೇಲೆ ಕಳುಹಿಸಬೇಕು. ನನ್ನ ಮೈಕ್ರೋಕಂಟ್ರೋಲರಿನಲ್ಲಿ 64 ಕಿಲೋಬೈಟಿನ ಒಂದು ಮೆಮೊರಿ ತುಂಡನ್ನು ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ಮೆಮೊರಿಗೆ ದತ್ತಾಂಶ ತುಂಬುವ ಭಾಗ) ಮುಟ್ಟಲಾರದು, ಬಫರು ಅಲ್ಲಿ ಬಿದ್ದರೆ ಟೇಪು ಓಡಿದರೂ ಬಫರು ಬರಿದಾಗಿಯೇ ಉಳಿಯುತ್ತದೆ. ಇನ್ನು ಬೈಟುಗಳ ಸಂಖ್ಯೆ, ಪ್ಯಾರಿಟಿ ಎರಡೂ ಸರಿಯಿದ್ದು ಬ್ಲಾಕಿನ ಕೊನೆಗೆ ಡ್ರೈವು ಐಎಚ್‌ಇಆರ್ ಎಂಬ ಗಂಭೀರ ದೋಷದ ರೇಖೆಯನ್ನು ಎಳೆದರೆ, ಆಗ ಮಾತ್ರ ಟೇಪು ಅಥವಾ ಅದನ್ನು ಓದುವ ಹೆಡ್ಡಿನ ಕಡೆ ನೋಡಬೇಕು.

ನನ್ನಲ್ಲಿ ಬೈಟುಗಳು ಹೆಚ್ಚಾಗಿದ್ದವು, ಉಳಿದುದೆಲ್ಲ ಸರಿಯಿತ್ತು. ಟೇಪು ಸವೆದು ಬೈಟು ಕಳೆದುಹೋಗಬಹುದೇ ಹೊರತು ಹೊಸದಾಗಿ ಹುಟ್ಟುವುದಿಲ್ಲ, ಅದೂ ಸರಿಯಾದ ಪ್ಯಾರಿಟಿಯೊಂದಿಗೆ. ಹೆಚ್ಚುವರಿ ಬೈಟು ಎಂದರೆ ಹೆಚ್ಚುವರಿ ಸ್ಟ್ರೋಬ್. ಡ್ರೈವು ಪ್ರತಿ ಬೈಟನ್ನು ರೇಖೆಗಳ ಮೇಲೆ ಇಟ್ಟು, ‘ಈಗ ತೆಗೆದುಕೋ’ ಎಂದು ಹೇಳುವ ರೇಖೆ ಐಆರ್‌ಎಸ್‌ಟಿಆರ್. ಡ್ರೈವು ಒಂದು ಸಲ ಹೇಳಿದ್ದನ್ನು ನನ್ನ ಬೋರ್ಡು ಎರಡು ಸಲ ಕೇಳಿಸಿಕೊಳ್ಳುತ್ತಿತ್ತು. ಒಂದೇ ಬೈಟು ಎರಡು ಸಲ ಬಂದರೆ ಎರಡರ ಪ್ಯಾರಿಟಿಯೂ ಸರಿಯೇ ಇರುತ್ತದೆ.

ಬಿಸಿಲಿನ ಮೇಲೆ ಹೊರಿಸಿದ ಆರೋಪ

ಇಷ್ಟು ತಿಳಿದ ಮೇಲೂ ನಾನು ಒಂದು ವಾರ ದಾರಿ ತಪ್ಪಿದೆ. ಬೆಳಿಗ್ಗೆ ಯಂತ್ರ ಹಾಕಿದಾಗ ಲೇಬಲ್ ಪರೀಕ್ಷೆ ಪ್ರತಿದಿನ ಸರಿಯಾಗಿ 80 ಬೈಟು ಕೊಡುತ್ತಿತ್ತು. ಮಧ್ಯಾಹ್ನ ದತ್ತಾಂಶ ಓದಲು ಕುಳಿತರೆ ಕೆಡುತ್ತಿತ್ತು. ಏಪ್ರಿಲ್ ತಿಂಗಳು, ಕೋಣೆಯಲ್ಲಿ ಕೂಲರ್ ಓಡುತ್ತಿದ್ದರೂ ಬೋರ್ಡು ಮುಟ್ಟಿದರೆ ಬಿಸಿ. ಹತ್ತಿರದಲ್ಲೇ ಜೀನ್ಸ್ ಹೊಲಿಯುವ ಘಟಕಗಳಿದ್ದು, ಅವುಗಳ ಯಂತ್ರಗಳೆಲ್ಲ ಓಡುವ ಹೊತ್ತಿಗೆ ಕರೆಂಟಿನ ವೋಲ್ಟೇಜು ಏರಿಳಿಯುತ್ತದೆ. ಬಿಸಿಲು, ವೋಲ್ಟೇಜು ಎರಡನ್ನೂ ಅನುಮಾನಿಸಿ ಬೋರ್ಡಿಗೆ ಫ್ಯಾನು ಕಟ್ಟಿದೆ, ಸ್ಟೆಬಿಲೈಸರ್ ತಂದೆ. ಬೋರ್ಡಿನ 5 ವೋಲ್ಟು ಮಧ್ಯಾಹ್ನವೂ 4.98ರಿಂದ ಕದಲಲಿಲ್ಲ, ಬೈಟುಗಳು ಹೆಚ್ಚಾಗುವುದೂ ನಿಲ್ಲಲಿಲ್ಲ.

ಆ ಓಡಾಟದಲ್ಲಿ ಒಂದು ಉಪಕಾರವಾಯಿತು. ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ 14 ವೋಲ್ಟ್ ಕಾಣಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಆತ ಮೀಟರನ್ನು ನೋಡುವ ಮೊದಲೇ, ‘ಗುಂಡಿಗೆ ಎರಡು ಕೊಡ ನೀರು ಹಾಕ್ರಿ ಸಾರ್, ಬೇಸಿಗ್ಯಾಗ ಅರ್ಥಿಂಗ್ ಒಣಗತೈತಿ’ ಎಂದ. ನೀರು ಹಾಕಿದ ಸಂಜೆ ಅದು 2 ವೋಲ್ಟಿಗೆ ಇಳಿಯಿತು. ನನ್ನ ದೋಷಕ್ಕೆ ಇದು ಕಾರಣವಲ್ಲದಿದ್ದರೂ, ಡ್ರೈವಿನ ಲೋಹದ ಮೈಯನ್ನು ಲ್ಯಾಪ್‌ಟಾಪಿಗೆ ಯುಎಸ್‌ಬಿ ಮೂಲಕ ಜೋಡಿಸುವವರು ನಮ್ಮ ಕಡೆಯ ಒಣನೆಲದಲ್ಲಿ ಇದನ್ನು ನೋಡದೆ ಮುಂದುವರಿಯಬಾರದು.

ಎರಡಾಗುವ ಅಂಕಿಗಳು

ಕೊನೆಗೆ ಯಂತ್ರವನ್ನು ಬಿಟ್ಟು, ಓದಿದ ಕಡತವನ್ನೇ ಅಚ್ಚು ಹಾಕಿ ಮೇಜಿನ ಮೇಲೆ ಹರಡಿದೆ. ಪ್ರತಿ ಸಾಲು 80 ಅಕ್ಷರ, ಹತ್ತು ಸಾಲಿಗೆ ಒಂದು ಬ್ಲಾಕು. ಕಂಬಸಾಲುಗಳು ನೇರವಾಗಿರಬೇಕಾದಲ್ಲಿ ಕೆಳಕೆಳಗೆ ಬಂದಂತೆ ಬಲಕ್ಕೆ ಜಾರಿದ್ದವು. ಒಂದು ಬೋರ್‌ಹೋಲಿನ ಆಳ 74.50 ಇರಬೇಕಾದಲ್ಲಿ 774.50 ಎಂದಿತ್ತು. ಸಂಡೂರಿನ ಗುಡ್ಡದಲ್ಲಿ ಕಬ್ಬಿಣದ ಅದಿರಿಗಾಗಿ ಅಷ್ಟು ಆಳಕ್ಕೆ ಇಳಿದಿರಲಾರರು ಎಂದು ರೀಲು ಕೊಟ್ಟವರೇ ನಕ್ಕರು. ಪೆನ್ಸಿಲ್ ಹಿಡಿದು ಎರಡಾದ ಅಂಕಿಗಳನ್ನೆಲ್ಲ ಸುತ್ತಿದೆ. ಎಲ್ಲವೂ ಖಾಲಿ ಜಾಗದ ನಂತರ ಬರುವ ಮೊದಲ ಅಂಕಿಗಳು. ಅಷ್ಟೇ ಅಲ್ಲ, ಅವು 3, 5, 6, 7, 9 ಮಾತ್ರ. ಖಾಲಿ ಜಾಗದ ನಂತರ 0, 1, 2, 4, 8 ಬಂದ ಕಡೆ ಒಮ್ಮೆಯೂ ಎರಡಾಗಿರಲಿಲ್ಲ.

ಬಿಸಿಲಿಗೆ ಅಂಕಿಗಳ ನಡುವೆ ಭೇದ ಗೊತ್ತಿರುವುದಿಲ್ಲ. ಎಬ್ಸಿಡಿಕ್‌ನಲ್ಲಿ ಖಾಲಿ ಜಾಗ ಎಂದರೆ 40, ಒಂಬತ್ತು ರೇಖೆಗಳಲ್ಲಿ ಐಆರ್1 ಒಂದೇ ಕೆಳಗಿಳಿದಿರುತ್ತದೆ. ಅಂಕಿಗಳು ಎಫ್0ಯಿಂದ ಎಫ್9ರವರೆಗೆ. ಖಾಲಿ ಜಾಗದಿಂದ 8ಕ್ಕೆ ಹೋಗುವಾಗ ಹೊಸದಾಗಿ ನಾಲ್ಕು ರೇಖೆಗಳು ಇಳಿಯುತ್ತವೆ, 7ಕ್ಕೆ ಹೋಗುವಾಗ ಆರು. ಪ್ಯಾರಿಟಿ ರೇಖೆಯನ್ನೂ ಸೇರಿಸಿ ಎಣಿಸಿದರೆ 0, 1, 2, 4, 8ಕ್ಕೆ ನಾಲ್ಕು, 3, 5, 6, 7, 9ಕ್ಕೆ ಆರು. ನಾನು ಪೆನ್ಸಿಲಿನಿಂದ ಸುತ್ತಿದ್ದ ಅಂಕಿಗಳೇ ಅವು. ಒಟ್ಟಿಗೆ ಹೆಚ್ಚು ರೇಖೆಗಳು ಇಳಿದಾಗ ಅವುಗಳ ಧಕ್ಕೆ ಸ್ಟ್ರೋಬ್ ರೇಖೆಗೆ ತಗುಲಿ ಸುಳ್ಳು ಸ್ಟ್ರೋಬ್ ಹುಟ್ಟುತ್ತಿತ್ತು. ಆ ಹೊತ್ತಿಗೆ ಹೊಸ ಅಂಕಿ ರೇಖೆಗಳ ಮೇಲೆ ನಿಂತಿರುವುದರಿಂದ ಅದು ಒಮ್ಮೆ ದಾಖಲಾಗಿ, ನಿಜವಾದ ಸ್ಟ್ರೋಬ್ ಬಂದಾಗ ಮತ್ತೊಮ್ಮೆ ದಾಖಲಾಗುತ್ತಿತ್ತು. ಬೆಳಿಗ್ಗೆಯ ಲೇಬಲ್ ಪರೀಕ್ಷೆ ಯಾಕೆ ಗೆಲ್ಲುತ್ತಿತ್ತೆಂಬುದೂ ಆಗ ತಿಳಿಯಿತು: ಆರಂಭದ ಲೇಬಲ್ಲುಗಳಲ್ಲಿ ತಾರೀಖಿಗೆ ಮೊದಲು ಒಂದು ಖಾಲಿ ಜಾಗವಿರುತ್ತದೆ, ನನ್ನ ರೀಲುಗಳು 80ರ ದಶಕದವು, ಹಾಗಾಗಿ ಖಾಲಿ ಜಾಗದ ನಂತರ ಬರುತ್ತಿದ್ದುದು ನಿರಪರಾಧಿಯಾದ 8.

ಇದನ್ನು ಕಣ್ಣಾರೆ ನೋಡಲು ಮೊದಲು 24 ಮೆಗಾಹರ್ಟ್ಸಿನ ಅಗ್ಗದ ಲಾಜಿಕ್ ಅನಲೈಸರ್ ಹಾಕಿದೆ. ಅದರಲ್ಲಿ ನಂಬುವಂಥದ್ದೇನೂ ಕಾಣಲಿಲ್ಲ. ಅದು ರೇಖೆಯನ್ನು ಸುಮಾರು 42 ನ್ಯಾನೋಸೆಕೆಂಡಿಗೊಮ್ಮೆ ಮಾತ್ರ ನೋಡುತ್ತದೆ, ನನ್ನ ಸುಳ್ಳು ಸ್ಟ್ರೋಬು 30 ನ್ಯಾನೋಸೆಕೆಂಡಿನದು. ಕೆಲವು ಸಲ ಎರಡು ನೋಟಗಳ ನಡುವೆ ನುಸುಳಿ ಹೋಗುತ್ತಿತ್ತು. 100 ಮೆಗಾಹರ್ಟ್ಸಿನ ಆಸಿಲೋಸ್ಕೋಪ್ ಎರವಲು ತಂದ ಮೇಲೆ ಸ್ಪಷ್ಟವಾಯಿತು. 3 ವೋಲ್ಟಿನಲ್ಲಿ ನಿಂತಿರಬೇಕಾದ ಸ್ಟ್ರೋಬ್ ರೇಖೆ 7 ಬಂದಾಗ 0.7 ವೋಲ್ಟಿಗೆ ಕುಸಿಯುತ್ತಿತ್ತು, 8 ಬಂದಾಗ 1.8ರವರೆಗೆ ಮಾತ್ರ. 74ಎಲ್‌ಎಸ್14 ಸಾಮಾನ್ಯವಾಗಿ 0.8 ವೋಲ್ಟಿಗೆ ಇಳಿದಾಗ ತನ್ನ ಸ್ಥಿತಿ ಬದಲಿಸುತ್ತದೆ.

ಬೆಸ ಪಿನ್ನುಗಳು, ಮತ್ತು ಬಜರ್ ಹೇಳಿದ ಸುಳ್ಳು

ರಿಬ್ಬನ್ ಕೇಬಲ್ಲಿನಲ್ಲಿ ಸಮ ಪಿನ್ನುಗಳು ಸಂಕೇತಕ್ಕೆ, ಬೆಸ ಪಿನ್ನುಗಳು ಗ್ರೌಂಡಿಗೆ ಎಂಬುದು ಸಾಮಾನ್ಯ ನಿಯಮ. ಪ್ರತಿ ಸಂಕೇತದ ಎರಡೂ ಪಕ್ಕದಲ್ಲಿ ಗ್ರೌಂಡಿನ ಎಳೆ ಕಾವಲಿರುವುದರಿಂದ ಒಂದರ ಧಕ್ಕೆ ಇನ್ನೊಂದಕ್ಕೆ ತಗುಲುವುದಿಲ್ಲ. ಪಿ1ರಲ್ಲಿ ಈ ನಿಯಮ ಸರಿ. ಪಿ2ರಲ್ಲಿ ಮಾತ್ರ 1ನೆಯ ಪಿನ್ನು ಪ್ಯಾರಿಟಿ ರೇಖೆ, 3ನೆಯದು ಐಆರ್1. ಇದನ್ನು ಗಮನಿಸದೆ ನಾನು, ಹೆಚ್ಚುವರಿ ಬೈಟುಗಳ ದೋಷ ಕಾಣುವುದಕ್ಕೂ ಮೊದಲು, ಬೋರ್ಡಿನಲ್ಲಿ ಪಿ2ರ ಬೆಸ ಪಿನ್ನುಗಳನ್ನೆಲ್ಲ ಒಂದೇ ತಾಮ್ರದ ಪಟ್ಟಿಗೆ ಸೇರಿಸಿ, ಆ ಪಟ್ಟಿಯನ್ನು 1ನೆಯ ಪಿನ್ನಿನ ತುದಿಯಲ್ಲಿ ಗ್ರೌಂಡಿಗೆ ಜೋಡಿಸಿದ್ದೆ.

ಇದರ ಲಕ್ಷಣ ಬೇರೆಯೇ, ತಿಳಿದಿರುವುದು ಒಳ್ಳೆಯದು. ಐಆರ್1 ಸದಾ ಗ್ರೌಂಡಿಗೆ ತಾಗಿ ಸದಾ 1 ಎಂದು ಓದಿಸುತ್ತಿತ್ತು. ಆದರೆ ಎಬ್ಸಿಡಿಕ್‌ನ ಖಾಲಿ ಜಾಗ, ದೊಡ್ಡಕ್ಷರ, ಅಂಕಿ ಎಲ್ಲದರಲ್ಲೂ ಆ ಬಿಟ್ಟು ಹೇಗೂ 1 ಆಗಿರುವುದರಿಂದ ಪಠ್ಯದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಪ್ಯಾರಿಟಿ ರೇಖೆಯೂ ಹಾಗೆಯೇ ಅಂಟಿಕೊಂಡಿದ್ದರಿಂದ ಪ್ಯಾರಿಟಿ 0 ಇರಬೇಕಾದ ಬೈಟುಗಳಲ್ಲೆಲ್ಲ ತಪ್ಪು. ಪಠ್ಯ ಪೂರ್ತಿ ಸರಿ, ಪ್ಯಾರಿಟಿ ಮಾತ್ರ ಎಷ್ಟೋ ಕಡೆ ತಪ್ಪು ಎಂಬ ವಿಚಿತ್ರ ಕಂಡರೆ ಮೊದಲು ಪಿ2ರ 1 ಮತ್ತು 3ನ್ನು ನೋಡಿ.

ಅದನ್ನು ಕಂಡುಹಿಡಿದ ಖುಷಿಯಲ್ಲಿ ಬ್ಲೇಡು ತೆಗೆದುಕೊಂಡು, 3ನೆಯ ಮತ್ತು 5ನೆಯ ಪಿನ್ನುಗಳ ನಡುವೆ ಪಟ್ಟಿಯನ್ನು ಕತ್ತರಿಸಿ, 1 ಮತ್ತು 3ನ್ನು ಬಿಡಿಸಿ ಅವುಗಳ ಗೇಟುಗಳಿಗೆ ತಂತಿ ಎಳೆದೆ. ಪ್ಯಾರಿಟಿ ಸರಿಹೋಯಿತು. ಪಟ್ಟಿಗೆ ಗ್ರೌಂಡು ಬರುತ್ತಿದ್ದುದು ಆ ತುದಿಯಿಂದಲೇ ಎಂಬುದು ನೆನಪಿಗೆ ಬರಲಿಲ್ಲ. 5ರಿಂದ 49ರವರೆಗಿನ ಇಪ್ಪತ್ತಮೂರು ಕಾವಲು ಎಳೆಗಳು ಬೋರ್ಡಿನ ತುದಿಯಲ್ಲಿ ಅನಾಥವಾದವು. ಅನಾಥವಾದದ್ದಷ್ಟೇ ಅಲ್ಲ, ಒಂದೇ ಪಟ್ಟಿಗೆ ಸೇರಿಕೊಂಡಿದ್ದುದರಿಂದ ದತ್ತಾಂಶ ರೇಖೆಗಳ ಪಕ್ಕದಲ್ಲಿ ಪಡೆದ ಧಕ್ಕೆಯನ್ನು 34ನೆಯ ಪಿನ್ನಿನ ಸ್ಟ್ರೋಬ್ ರೇಖೆಯ ಪಕ್ಕಕ್ಕೆ ತಾವೇ ಹೊತ್ತು ತಂದು ಕೊಡುತ್ತಿದ್ದವು.

ಗ್ರೌಂಡನ್ನು ನಾನು ಪರೀಕ್ಷಿಸಿರಲಿಲ್ಲವೇ? ಪರೀಕ್ಷಿಸಿದ್ದೆ. ಮಲ್ಟಿಮೀಟರನ್ನು ಬಜರಿಗೆ ಇಟ್ಟು 33ನೆಯ ಪಿನ್ನಿಗೂ ಬೋರ್ಡಿನ ಗ್ರೌಂಡಿಗೂ ಮುಟ್ಟಿಸಿದರೆ ಬೀಪ್ ಎನ್ನುತ್ತಿತ್ತು. ಕೇಬಲ್ ಸಿಕ್ಕಿಸಿಯೇ ಇತ್ತು! ಮೀಟರಿನ ಕರೆಂಟು ಪಿ2 ಕೇಬಲ್ಲಿನಲ್ಲಿ ಡ್ರೈವಿನವರೆಗೆ ಹೋಗಿ, ಅಲ್ಲಿನ ಗ್ರೌಂಡಿನಿಂದ ಪಿ1 ಕೇಬಲ್ಲಿನಲ್ಲಿ ಹಿಂತಿರುಗಿ ಬರುತ್ತಿತ್ತು. ಮೀಟರಿಗೆ ಆ ಸುತ್ತು ದಾರಿ ಒಂದು ಓಮಿಗಿಂತ ಕಡಿಮೆ, ಹತ್ತಾರು ನ್ಯಾನೋಸೆಕೆಂಡಿನ ಏಟಿಗೆ ಅದು ದಾರಿಯೇ ಅಲ್ಲ. ಆದ್ದರಿಂದ ಗ್ರೌಂಡ್ ಪರೀಕ್ಷೆ ಮಾಡುವಾಗ ಎರಡೂ ಕೇಬಲ್ಲುಗಳನ್ನು ಬೋರ್ಡಿನಿಂದ ಕಳಚಿ, ವಿದ್ಯುತ್ ಆರಿಸಿ, ಬೆಸ ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ ನೋಡಬೇಕು. ಪಿ2ರಲ್ಲಿ 1 ಮತ್ತು 3 ಸದ್ದು ಮಾಡಬಾರದು, ಉಳಿದವೆಲ್ಲ ಮಾಡಬೇಕು.

ದುರಸ್ತಿ ಹತ್ತು ನಿಮಿಷದ್ದು. ಪಟ್ಟಿಯ 5, 33 ಮತ್ತು 49ನೆಯ ಪಿನ್ನುಗಳ ಬಳಿ ದಪ್ಪ ತಾಮ್ರದ ತುಂಡು ತಂತಿಗಳಿಂದ ಬೋರ್ಡಿನ ಗ್ರೌಂಡಿಗೆ ಬೆಸೆದೆ. ಒಂದೇ ಕಡೆ ಬೆಸೆದರೂ ಬಜರು ಸದ್ದು ಮಾಡುತ್ತದೆ, ಆದರೆ ಧಕ್ಕೆಗೆ ಹತ್ತಿರದ ದಾರಿ ಸಿಗಬೇಕಾದರೆ ಹಲವು ಕಡೆ ಬೇಕು. ಆಮೇಲೆ 7 ಬಂದಾಗಲೂ ಸ್ಟ್ರೋಬ್ ರೇಖೆ 2.7 ವೋಲ್ಟಿಗಿಂತ ಕೆಳಗೆ ಇಳಿಯಲಿಲ್ಲ. ಸ್ಟ್ರೋಬ್ ರೇಖೆಗೆ ಕೆಪಾಸಿಟರ್ ಹಾಕುವುದು, ಟೈಮರಿನ ಇನ್‌ಪುಟ್ ಫಿಲ್ಟರ್ ಏರಿಸುವುದು ಮುಂತಾದ ಸಲಹೆಗಳು ಬಂದಿದ್ದವು. ಅವುಗಳಿಂದ ಲಕ್ಷಣ ಮರೆಯಾಗುತ್ತದೆ ನಿಜ, ಆದರೆ ಗ್ರೌಂಡಿಲ್ಲದ ಕೇಬಲ್ಲು ಹಾಗೆಯೇ ಉಳಿದು, ಬೇರೊಂದು ರೀಲಿನಲ್ಲಿ ಬೇರೊಂದು ರೇಖೆಯ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ದುರಸ್ತಿಯ ನಂತರ ಫಿಲ್ಟರ್ ಹಾಕಿಕೊಳ್ಳಲು ಅಡ್ಡಿಯಿಲ್ಲ.

ಟೇಪಿನದೇ ಆದ ದೋಷ ಉಳಿದರೆ

ಸ್ಟ್ರೋಬು ಸರಿಯಾದ ಮೇಲೆ ಐದು ರೀಲುಗಳಲ್ಲಿ ನಾಲ್ಕು ಪೂರ್ತಿ ಓದಿದವು. ಐದನೆಯದರಲ್ಲಿ ಅಲ್ಲಲ್ಲಿ ಐಎಚ್‌ಇಆರ್ ಬಂತು, ಪ್ರತಿ ಸಲ ಬೇರೆ ಬೇರೆ ಬ್ಲಾಕಿನಲ್ಲಿ. ಜಾಗ ಬದಲಾಗುತ್ತಿದ್ದರೆ ಕೊಳೆ, ಅದೇ ಜಾಗದಲ್ಲಿ ಬರುತ್ತಿದ್ದರೆ ಟೇಪಿನ ಗಾಯ. ಹೆಡ್ಡನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿದಾಗ ಕೆಂಗಂದು ಬಣ್ಣ ಬಂತು. ಇಲ್ಲಿ ನಮ್ಮ ಊರಿನ ವಿಶೇಷವೊಂದಿದೆ: ಟೇಪಿನ ಲೇಪನವೂ ಕಬ್ಬಿಣದ ಆಕ್ಸೈಡು, ಅದಿರಿನ ಲಾರಿಗಳು ಎಬ್ಬಿಸುವ ಧೂಳೂ ಕಬ್ಬಿಣದ ಆಕ್ಸೈಡು, ಬಟ್ಟೆಯ ಮೇಲಿನ ಬಣ್ಣದಿಂದ ಎರಡನ್ನು ಬೇರ್ಪಡಿಸಲಾಗದು. ಹೆಡ್ಡು ಶುಚಿಮಾಡಿ ಹೊಸ ಬಟ್ಟೆಯಿಂದ ಒರೆಸಿ ನೋಡಿ, ಟೇಪು ಹಾಕದೆ ಒಂದು ದಿನ ಬಿಟ್ಟು ಮತ್ತೆ ಒರೆಸಿ. ಆಗಲೂ ಕೆಂಪು ಬಂದರೆ ಅದು ಕಿಟಕಿಯಿಂದ ಬಂದ ಧೂಳು. ಟೇಪು ಓಡಿದ ಮೇಲಷ್ಟೇ ಬಂದರೆ ಲೇಪನ ಉದುರುತ್ತಿದೆ. ನನ್ನದು ಕಿಟಕಿಯದು. ಶುಚಿಗೆ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಸಿಗುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಸಾಕು. ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ನೀರಿರುತ್ತದೆ.

ಟೇಪು ಓಡುವಾಗ ಕೀಚಲು ಸದ್ದು ಮಾಡಿ ಹೆಡ್ಡಿಗೆ ಅಂಟಿಕೊಂಡರೆ ತಕ್ಷಣ ನಿಲ್ಲಿಸಬೇಕು. ಲೇಪನವನ್ನು ಹಿಡಿದಿಡುವ ಅಂಟು ತೇವ ಹೀರಿದೆ ಎಂದರ್ಥ. ಅಂಥ ಪಾಲಿಯೆಸ್ಟರ್ ಟೇಪುಗಳನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಅಥವಾ ಹೆಚ್ಚು ಹೊತ್ತು ಬಿಸಿಮಾಡಿ ತಾತ್ಕಾಲಿಕವಾಗಿ ಓದುವಂತೆ ಮಾಡುತ್ತಾರೆ. ಅಸಿಟೇಟ್ ಟೇಪಿಗೆ ಇದು ಸಲ್ಲದು. ಬಳ್ಳಾರಿಯ ಮಾಳಿಗೆಯ ಮೇಲೆ ಒಂದು ಮಧ್ಯಾಹ್ನ ಇಟ್ಟರೆ ಸಾಲದೇ ಎಂದು ಗೆಳೆಯರು ತಮಾಷೆ ಮಾಡಿದರು. ಬಿಸಿಲಿನ ಕಾವು ಒಂದೇ ಸಮನೆ ಇರುವುದಿಲ್ಲ, ಹಾಗೆ ಮಾಡಬೇಡಿ. ಬಿಸಿಲಿನ ಇನ್ನೊಂದು ಕಿತಾಪತಿ: ಡ್ರೈವು ಕಿಟಕಿಯ ಎದುರಿದ್ದರೆ, ಟೇಪಿನ ಆರಂಭವನ್ನು ತೋರಿಸುವ ಹೊಳೆಯುವ ಪಟ್ಟಿಯನ್ನು ಹುಡುಕುವ ಸೆನ್ಸರಿನ ಮೇಲೆ ಬೆಳಕು ಬಿದ್ದು ಟೇಪು ಲೋಡೇ ಆಗದಿರಬಹುದು. ಪರದೆ ಎಳೆಯಿರಿ.

ಹೆಡ್ಡು ಶುಚಿಯಾದ ಮೇಲೆ ಐದನೆಯ ರೀಲಿನಲ್ಲಿ ಒಂದೇ ಒಂದು ಬ್ಲಾಕು ಉಳಿದಿದೆ. ಏಳು ಸಲ ಓದಿದರೂ ಅದೇ ಜಾಗದಲ್ಲಿ ಐಎಚ್‌ಇಆರ್ ಬರುತ್ತದೆ, ಬೈಟುಗಳು ಮಾತ್ರ ಎಣಿಸಿದಷ್ಟೇ ಇವೆ. ಓದಿದ್ದನ್ನೆಲ್ಲ ನಾನು ಸಿಮ್‌ಎಚ್ ಎಂಬ, ಹಳೆಯ ಕಂಪ್ಯೂಟರುಗಳನ್ನು ಅನುಕರಿಸುವ ಎಮ್ಯುಲೇಟರಿನ ಟೇಪ್ ಕಡತದ ಮಾದರಿಯಲ್ಲಿ ಉಳಿಸುತ್ತೇನೆ. ಅದರಲ್ಲಿ ಪ್ರತಿ ಬ್ಲಾಕಿನ ಹಿಂದೆ ಮುಂದೆ ಉದ್ದವನ್ನು ಬರೆದು, ಕೆಟ್ಟ ಬ್ಲಾಕಾದರೆ ಆ ಉದ್ದದ ಅತಿ ಮೇಲಿನ ಬಿಟ್ಟನ್ನು 1 ಮಾಡುವ ವ್ಯವಸ್ಥೆ ಇದೆ. ಆ ಬ್ಲಾಕನ್ನು ಊಹೆಯಿಂದ ತಿದ್ದದೆ ಆ ಗುರುತಿನೊಂದಿಗೇ ಕೊಟ್ಟಿದ್ದೇನೆ. ಅದರಲ್ಲಿರುವ ಹತ್ತು ಸಾಲುಗಳನ್ನು ತಮ್ಮ ಹಳೆಯ ಕೈಬರಹದ ಪುಸ್ತಕದೊಂದಿಗೆ ಹೋಲಿಸಿ ನೋಡುವುದಾಗಿ ರೀಲು ಕೊಟ್ಟವರು ಹೇಳಿದ್ದಾರೆ.